ಕ್ರಿಸ್ಟೋಫರ್ ಸ್ಟ್ರೀಟಿನಿಂದ ಕಾಂಗ್ರೆಷನಲ್ ಸ್ಮಶಾನದವರೆಗೆ

ಗುರುವಾರ, ನ್ಯೂಯಾರ್ಕ್

2025ರ ಮೇ 22. ಬೇಸಿಗೆ ಶುರುವಾಗಬೇಕಿದ್ದ ದಿನಗಳಲ್ಲಿ ನ್ಯೂಯಾರ್ಕ್ ಗಡಗಡ ನಡುಗುತ್ತಿತ್ತು. ಚಳಿಗಾಲದಲ್ಲಿ ಸಮುದ್ರದ ಕಡೆಯಿಂದ ಬರುವ ಗಾಳಿಮಳೆ ಈ ಸಲ ಮೇ ತಿಂಗಳಲ್ಲಿ ಬಂದಿತ್ತು. ಜರ್ಸಿ ಸಿಟಿಯಲ್ಲಿರುವ ಗೆಳತಿಯ ಸ್ವೆಟರ್ ಹಾಕಿಕೊಂಡು, ಅವಳ ಜೊತೆ ಪಾಥ್ ರೈಲು ಹತ್ತಿದೆ. ಹಡ್ಸನ್ ನದಿಯ ಅಡಿಯಲ್ಲಿ ಹಾದು ಸೀದಾ ಕ್ರಿಸ್ಟೋಫರ್ ಸ್ಟ್ರೀಟಿಗೇ ತಂದು ಬಿಡುತ್ತದೆ; ಆಗ ಟಿಕೆಟ್ ಮೂರು ಡಾಲರ್. ಮ್ಯಾನ್‌ಹಟನ್ ಒಳಗಿನಿಂದ ಬರುವವರು ಒಂದನೇ ನಂಬರ್ ಸಬ್‌ವೇ ಹಿಡಿಯಬೇಕು. ಆ ಸ್ಟೇಷನ್ನಿಗೆ 2024ರಲ್ಲಿ ಸ್ಟೋನ್‌ವಾಲ್ ಹೆಸರನ್ನೂ ಸೇರಿಸಿದ್ದಾರೆ. 1969ರಲ್ಲಿ ಪೊಲೀಸ್ ದಾಳಿಗೆ ಸಲಿಂಗಿಗಳು ತಿರುಗಿಬಿದ್ದ ಬಾರು ಅದು. ಅಮೆರಿಕದ ಸಲಿಂಗಿಗಳ ಹಕ್ಕಿನ ಹೋರಾಟ ನಡೆದ ಜಾಗಗಳನ್ನು ನೋಡಲು ಹೊರಟಿದ್ದೆ ನಾನು.

ಮೆಟ್ಟಿಲು ಹತ್ತಿ ಮೇಲೆ ಬಂದ ಐದೇ ನಿಮಿಷಕ್ಕೆ ಕೊಡೆ ಮೇಲ್ಮುಖ ಆಯಿತು. ಇನ್ನೊಂದು ಹತ್ತು ನಿಮಿಷಕ್ಕೆ ನನ್ನ ಎಡಗಾಲಿನ ಶೂ ನೀರು ಕುಡಿಯಲು ಶುರು ಮಾಡಿತು. ಈ ಶೂ ಕಥೆ ಮುಂದೆಯೂ ಇದೆ.

ಸ್ಟೋನ್‌ವಾಲ್ ಇನ್ ಎದುರು ನಿಂತಾಗ ಗೆಳತಿ ಕೇಳಿದ ಮೊದಲ ಪ್ರಶ್ನೆ, "ಇಷ್ಟೇನಾ?" ಅವಳ ತಪ್ಪಿಲ್ಲ. ಇಟ್ಟಿಗೆ ಗೋಡೆಯ ಪುಟ್ಟ ಬಾರು. ಕಿಟಕಿಯಲ್ಲಿ ಕೆಂಪು ನಿಯಾನ್ ದೀಪ. ನಮ್ಮೂರಿನ ಯಾವುದೋ ಹಳೇ ಪ್ರೆಸ್ಸಿನಷ್ಟು ಅಗಲವೂ ಇಲ್ಲ. 1969ರಲ್ಲಿ ಬಾರು 51 ಮತ್ತು 53 ಎರಡೂ ನಂಬರಿನ ಕಟ್ಟಡಗಳಲ್ಲಿತ್ತು. ಈಗ 53ರಲ್ಲಿ ಬಾರು, 51ರಲ್ಲಿ ವಿಸಿಟರ್ ಸೆಂಟರ್. ಆಗ ಅದನ್ನು ನಡೆಸುತ್ತಿದ್ದವರು ಮಾಫಿಯಾದವರು. ಮದ್ಯದ ಲೈಸೆನ್ಸ್ ಇರಲಿಲ್ಲ. ಪೊಲೀಸರು ಆಗಾಗ ಬಂದು ದಾಳಿ ಮಾಡೋದು, ಜನ ತಲೆತಗ್ಗಿಸಿ ಹೋಗೋದು, ಮತ್ತೆ ಬಾರು ತೆರೆಯೋದು ರೂಢಿಯಾಗಿತ್ತು. ಜೂನ್ 28ರ ನಡುರಾತ್ರಿ ಕಳೆದ ಮೇಲೆ ನಡೆದ ದಾಳಿಯಲ್ಲಿ ಮಾತ್ರ ಜನ ಹೋಗಲಿಲ್ಲ. ಬೀದಿಯಲ್ಲೇ ನಿಂತರು. ಕಲ್ಲು, ಬಾಟಲಿ, ಚಿಲ್ಲರೆ ಕಾಸು ಎಲ್ಲ ಹಾರಿದವು. ಗಲಾಟೆ ಕೆಲವು ರಾತ್ರಿ ನಡೆಯಿತು.

ಮೊದಲ ಕಲ್ಲು ಎಸೆದವರು ಯಾರು ಎಂಬುದರ ಬಗ್ಗೆ ಇವತ್ತಿಗೂ ಜಗಳ ಇದೆ. ಕಪ್ಪು ಟ್ರಾನ್ಸ್ ಹೋರಾಟಗಾರ್ತಿ ಮಾರ್ಶಾ ಪಿ. ಜಾನ್ಸನ್ ಹೆಸರನ್ನು ಜಾಸ್ತಿ ಜನ ಹೇಳುತ್ತಾರೆ. ಆದರೆ ತಾನು ಬಂದಾಗ ಗಲಾಟೆ ಆಗಲೇ ಶುರುವಾಗಿತ್ತು ಎಂದು ಮಾರ್ಶಾನೇ ಹೇಳಿದ್ದಿದೆ. ನನಗೆ ಈ ಜಗಳವೇ ಇಷ್ಟ. ಎಲ್ಲರಿಗೂ ಆ ಕಲ್ಲಿನಲ್ಲಿ ಪಾಲು ಬೇಕು.

ಎದುರಿಗೆ ಕ್ರಿಸ್ಟೋಫರ್ ಪಾರ್ಕ್. ಪಾರ್ಕ್ ಅಂದರೆ ನಾಲ್ಕು ಬೆಂಚು, ಒಂದಷ್ಟು ಮರ. ಅಲ್ಲಿ ಜಾರ್ಜ್ ಸೀಗಲ್ ಮಾಡಿದ ಬಿಳಿ ಶಿಲ್ಪಗಳಿವೆ: ನಿಂತ ಇಬ್ಬರು ಗಂಡಸರು, ಬೆಂಚಿನ ಮೇಲೆ ಕೂತ ಇಬ್ಬರು ಹೆಂಗಸರು. 1980ರ ಹೊತ್ತಿಗೇ ತಯಾರಾಗಿದ್ದರೂ ಇಲ್ಲಿ ನಿಲ್ಲಿಸಲು 1992ರವರೆಗೆ ಕಾಯಬೇಕಾಯಿತು. 2015ರಲ್ಲಿ ಯಾರೋ ಬಂದು ಗಂಡಸರ ಮುಖಕ್ಕೆ ಕಂದು ಬಣ್ಣ ಬಳಿದು ಹೋದರು. ಅಂದು ಬೀದಿಯಲ್ಲಿದ್ದ ಕಪ್ಪು ಮತ್ತು ಲ್ಯಾಟಿನೋ ಜನ, ಟ್ರಾನ್ಸ್ ಹೆಂಗಸರು ಇಲ್ಲಿ ಎಲ್ಲಿದ್ದಾರೆ ಎಂಬ ಸಿಟ್ಟು ಅದು.

ಒದ್ದೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ನಾನು ಫೋಟೋ ತೆಗೆಯುವುದನ್ನು ನೋಡಿ, "ಫೆಬ್ರವರಿಯಲ್ಲಿ ಬರಬೇಕಿತ್ತು ನೀನು" ಅಂದರು. 2016ರಲ್ಲಿ ಒಬಾಮ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದ್ದರು. ಈ ಚಳವಳಿಯ ಹೆಸರಿನಲ್ಲಿ ಅಂಥದ್ದು ಇದೇ ಮೊದಲು. 2025ರ ಫೆಬ್ರವರಿಯಲ್ಲಿ ಸರ್ಕಾರಿ ಪಾರ್ಕ್ ಸೇವೆಯ ವೆಬ್‌ಸೈಟಿನಿಂದ ಟ್ರಾನ್ಸ್‌ಜೆಂಡರ್ ಎಂಬ ಪದ ಮಾಯವಾಯಿತು. ಎಲ್‌ಜಿಬಿಟಿಕ್ಯೂ ಇದ್ದಲ್ಲಿ ಎಲ್‌ಜಿಬಿ ಮಾತ್ರ ಉಳಿಯಿತು. ಮರುದಿನವೇ ನೂರಾರು ಜನ ಈ ಪಾರ್ಕಿನಲ್ಲಿ ಸೇರಿದರು. ಆ ಅಜ್ಜಿಯೂ ಬಂದಿದ್ದರಂತೆ. "ಎರಡು ಅಕ್ಷರ ಅಳಿಸಿದರು. ನಮಗೆ ಕೆಲಸ ಕೊಟ್ಟರು" ಎಂದು ನಕ್ಕರು.

ವಿಸಿಟರ್ ಸೆಂಟರಿಗೆ ನುಗ್ಗಿದ್ದು ನಿಜ ಹೇಳಬೇಕೆಂದರೆ ಮೈ ಬೆಚ್ಚಗಾಗಲಿ ಎಂದು. 2024ರ ಜೂನ್ 28ಕ್ಕೆ ತೆರೆದದ್ದು. ಒಂದೇ ಕೋಣೆ, ಅರ್ಧ ಗಂಟೆ ಸಾಕು. ಬಾಗಿಲಲ್ಲಿದ್ದ ಹುಡುಗ ಟಿಶ್ಯೂ ಪೇಪರಿನ ಉಂಡೆ ಕೊಟ್ಟು, ಶೂ ಒಳಗೆ ತುರುಕಿಕೋ ಎಂದ. ಆ ದಿನದ ಅತ್ಯಂತ ಉಪಯೋಗದ ಸಲಹೆ ಅದು.

ಶುಕ್ರವಾರ, ಇನ್ನೂ ನ್ಯೂಯಾರ್ಕ್

ಮಳೆ ನಿಂತಿತ್ತು. ಮೋಡ ಹಾಗೇ ಇತ್ತು. ಸ್ಟೋನ್‌ವಾಲಿನಿಂದ ಮೂರು ನಿಮಿಷ ನಡೆದರೆ ವೆಸ್ಟ್ ಹತ್ತನೇ ಬೀದಿಯ ಮೂಲೆಯಲ್ಲಿ ಜೂಲಿಯಸ್ ಎಂಬ ಹಳೇ ಬಾರು. ಅಲ್ಲಿ ಬರ್ಗರ್ ಹೆಸರುವಾಸಿ. ನನ್ನಂಥ ಸಸ್ಯಾಹಾರಿಗೆ ಆಲೂಗಡ್ಡೆ ಫ್ರೈಸ್ ಮಾತ್ರ. ಗೆಳತಿ ಎದುರಿಗೇ ಬರ್ಗರ್ ತಿಂದಳು.

ಸ್ಟೋನ್‌ವಾಲಿಗೆ ಎಲ್ಲರೂ ಹೋಗುತ್ತಾರೆ. ನನ್ನ ಕೇಳಿದರೆ ಜೂಲಿಯಸ್ಸನ್ನು ಮೊದಲು ನೋಡಬೇಕು. 1966ರ ಏಪ್ರಿಲ್ 21ರಂದು ಮ್ಯಾಟಚೈನ್ ಸೊಸೈಟಿ ಎಂಬ ಸಲಿಂಗಿಗಳ ಸಂಘಟನೆಯ ಡಿಕ್ ಲೀಚ್, ಕ್ರೇಗ್ ರಾಡ್‌ವೆಲ್ ಮತ್ತು ಜಾನ್ ಟಿಮ್ಮನ್ಸ್ ಪತ್ರಕರ್ತರನ್ನು ಬೆನ್ನಿಗೆ ಕಟ್ಟಿಕೊಂಡು ಬಾರುಗಳ ಪ್ರವಾಸ ಹೊರಟರು. ನಾವು ಸಲಿಂಗಿಗಳು, ಸಭ್ಯವಾಗಿ ಕೂತಿರುತ್ತೇವೆ, ಕುಡಿಯಲು ಕೊಡಿ ಎಂದು ಕೇಳೋದು, ಅವರು ಇಲ್ಲ ಅನ್ನೋದು, ಅದರ ಮೇಲೆ ದೂರು ಕೊಡೋದು, ಇದು ಪ್ಲಾನ್. ಸಲಿಂಗಿಗಳು ಸೇರಿದರೆ ಸಾಕು, ಬಾರು ಅಶಿಸ್ತಿನ ಜಾಗ ಎಂದು ಲೈಸೆನ್ಸಿಗೆ ಕುತ್ತು ಬರುತ್ತಿದ್ದ ಕಾಲ. ತಮಾಷೆ ಏನೆಂದರೆ ಎರಡು ಕಡೆ ಮಾಲೀಕರು ಖುಷಿಯಿಂದಲೇ ಕೊಟ್ಟುಬಿಟ್ಟರು. ಹೋರಾಟ ಕೆಟ್ಟಿತು! ಕೊನೆಗೆ ಜೂಲಿಯಸ್ಸಿಗೆ ಬಂದರು. ಇಲ್ಲಿ ಸ್ವಲ್ಪ ದಿನದ ಹಿಂದಷ್ಟೇ ಪೊಲೀಸರ ಕಾಟ ಆಗಿತ್ತು. ಬಾರ್‌ಟೆಂಡರ್ ಗ್ಲಾಸಿನ ಮೇಲೆ ಅಂಗೈ ಮುಚ್ಚಿದ. ಫ್ರೆಡ್ ಮೆಕ್‌ಡಾರಾ ಆ ಕ್ಷಣದ ಫೋಟೋ ತೆಗೆದರು.

ಇದಕ್ಕೆ ಸಿಪ್-ಇನ್ ಎಂದು ಹೆಸರಾಯಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಊಟದ ಕೌಂಟರುಗಳಲ್ಲಿ ಕೂತು ಮಾಡಿದ್ದ ಸಿಟ್-ಇನ್ ಹೋರಾಟದಿಂದ ತೆಗೆದುಕೊಂಡದ್ದು. ಇಡೀ ಪ್ರವಾಸದಲ್ಲಿ ನಾನು ಹುಡುಕುತ್ತಿದ್ದದ್ದು ಇದನ್ನೇ. ಹಳೆಯವರನ್ನು ನೆನೆಸಿಕೊಂಡರೆ ಸ್ಫೂರ್ತಿ ಬರುತ್ತದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಒಂದು ಹೋರಾಟ ಇನ್ನೊಂದರಿಂದ ನಿಜವಾಗಿ ತೆಗೆದುಕೊಳ್ಳುವುದು ಏನನ್ನು? ಬೆಂಗಳೂರಿನ ಪ್ರೈಡ್ ಮೆರವಣಿಗೆಗೆ ಬ್ಯಾನರ್ ಹೊತ್ತು, ನೀರಿನ ಬಾಟಲಿ ಹಂಚಿ ಅಭ್ಯಾಸ ಇರುವವನು ನಾನು. ನನಗೆ ಕಾಣುವುದು ಉಪಾಯಗಳು. ಎಲ್ಲಿ ಕೂರಬೇಕು, ಯಾರನ್ನು ಕರೆಯಬೇಕು, ಫೋಟೋ ಯಾರು ತೆಗೆಯಬೇಕು. ಇವು ಕೈಯಿಂದ ಕೈಗೆ ದಾಟುತ್ತವೆ.

ಮಧ್ಯಾಹ್ನ ಸೇಂಟ್ ವಿನ್ಸೆಂಟ್ ತ್ರಿಕೋನದ ಏಡ್ಸ್ ಸ್ಮಾರಕ. ಬಿಳಿ ಪಟ್ಟಿಗಳ ತ್ರಿಕೋನ ಚಪ್ಪರ, ಕೆಳಗೆ ಕಲ್ಲಿನ ಮೇಲೆ ಕವಿ ವಾಲ್ಟ್ ವಿಟ್‌ಮನ್ ಸಾಲುಗಳು ಸುರುಳಿಯಾಗಿ ಕೆತ್ತಿವೆ. ಓದಬೇಕೆಂದರೆ ಗಾಣದೆತ್ತಿನಂತೆ ಸುತ್ತಬೇಕು. ಎದುರಿನ ಸೇಂಟ್ ವಿನ್ಸೆಂಟ್ ಆಸ್ಪತ್ರೆ 80ರ ದಶಕದಲ್ಲಿ ಏಡ್ಸ್ ರೋಗಿಗಳಿಂದ ತುಂಬಿತ್ತು. 2010ರಲ್ಲಿ ಮುಚ್ಚಿತು. ಈಗ ಅಲ್ಲಿ ದುಬಾರಿ ಫ್ಲಾಟುಗಳು.

ಅಲ್ಲಿಂದ ಒಂದೇ ಬೀದಿ ಆಚೆ, ವೆಸ್ಟ್ 13ರಲ್ಲಿ, ಹಳೇ ಶಾಲಾ ಕಟ್ಟಡದಲ್ಲಿ ಎಲ್‌ಜಿಬಿಟಿ ಕಮ್ಯುನಿಟಿ ಸೆಂಟರ್. ಇಲ್ಲೇ 1987ರ ಮಾರ್ಚಿನಲ್ಲಿ ಲೇಖಕ ಲ್ಯಾರಿ ಕ್ರೇಮರ್ ಸಿಟ್ಟಿನ ಭಾಷಣ ಮಾಡಿದ್ದು, ಏಡ್ಸ್ ಹೋರಾಟದ ಸಂಘಟನೆ ಆ್ಯಕ್ಟ್ ಅಪ್ ಹುಟ್ಟಿದ್ದು. ಎಜೆಡ್‌ಟಿ ಎಂಬ ಏಡ್ಸ್ ಔಷಧಕ್ಕೆ ಆಗ ವರ್ಷಕ್ಕೆ ಸುಮಾರು 10,000 ಡಾಲರ್. ಅದೇ ತಿಂಗಳು ವಾಲ್ ಸ್ಟ್ರೀಟಿನಲ್ಲಿ ರಸ್ತೆ ತಡೆದರು. ಆಮೇಲೆ ಔಷಧ ಪ್ರಯೋಗದ ನಿಯಮಗಳನ್ನು ತಾವೇ ಕೂತು ಓದಿದರು. ರೋಗಿಗಳೇ ವಿಜ್ಞಾನಿಗಳ ಜೊತೆ ವಾದಕ್ಕೆ ಕೂರುವ ಪದ್ಧತಿ ಹಾಗೆ ಗಟ್ಟಿಯಾಯಿತು. ನಮ್ಮ ದೇಶದಲ್ಲೂ ದಾರಿ ತೆರೆದದ್ದು ಏಡ್ಸ್ ಕೆಲಸವೇ ಅಲ್ವಾ? ತಿಹಾರ್ ಜೈಲಿನಲ್ಲಿ ಕಾಂಡೋಮ್ ಹಂಚಲು ಬಿಡಲಿಲ್ಲ ಎಂದು 1994ರಲ್ಲಿ ಏಡ್ಸ್ ರೋಗಿಗಳ ತಾರತಮ್ಯದ ವಿರುದ್ಧ ದುಡಿಯುತ್ತಿದ್ದ ಎಬಿವಿಎ ಸಂಘಟನೆಯವರು, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ಸೆಕ್ಷನ್ 377ರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದರು. 2001ರಲ್ಲಿ ನಾಜ್ ಫೌಂಡೇಶನ್ ಹೋದದ್ದೂ ಎಚ್‌ಐವಿ ಕೆಲಸಕ್ಕೆ ಅಡ್ಡಿಯಾಗುತ್ತಿದೆ ಎಂಬ ಕಾರಣಕ್ಕೇ.

ಸೆಂಟರಿನ ಎರಡನೇ ಮಹಡಿಯಲ್ಲಿ ಹಿಂದೆ ಗಂಡಸರ ಶೌಚಾಲಯವಾಗಿದ್ದ ಕೋಣೆ ಇದೆ. 1989ರಲ್ಲಿ ಚಿತ್ರಕಾರ ಕೀತ್ ಹೇರಿಂಗ್ ಅದರ ಗೋಡೆ ತುಂಬ ಕಪ್ಪು ಗೆರೆಯ ಚಿತ್ರ ಬರೆದರು. ಮರುವರ್ಷ ಏಡ್ಸ್‌ನಿಂದ ತೀರಿಕೊಂಡರು. ಚಿತ್ರಗಳು ಮಹಾ ಪೋಲಿ. ಗೆಳತಿ ಎರಡು ನಿಮಿಷ ನೋಡಿ, "ಇದನ್ನ ಅಮ್ಮನಿಗೆ ವಾಟ್ಸಪ್ ಮಾಡಬೇಡ" ಅಂದಳು.

ಸಂಜೆ ಫಿಲಡೆಲ್ಫಿಯಾಗೆ ಬಸ್. ಸೋಮವಾರ, ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ರಜೆ, ಹಾಗಾಗಿ ಇಡೀ ನ್ಯೂಜರ್ಸಿ ರಸ್ತೆಗೆ ಇಳಿದಿತ್ತು. ಎರಡು ಗಂಟೆಯ ದಾರಿ ನಾಲ್ಕೂವರೆ ಗಂಟೆ ಹಿಡಿಯಿತು. ಈ ವಾರಾಂತ್ಯಕ್ಕೆ ಹೋಗುವವರು ದಯವಿಟ್ಟು ರೈಲು ಹಿಡಿಯಿರಿ. ಬಸ್ಸಿನಲ್ಲಿ ಕೂತು ಗೆಳತಿಗೆ 1969ರ ಇನ್ನೊಂದು ಬಸ್ಸಿನ ಕಥೆ ಹೇಳಿದೆ. ಅದು ಅರ್ಥವಾಗಲು ಶನಿವಾರದ ಜಾಗ ನೋಡಬೇಕು.

ಶನಿವಾರ, ಫಿಲಡೆಲ್ಫಿಯಾ

ಬೆಳಿಗ್ಗೆ ರೀಡಿಂಗ್ ಟರ್ಮಿನಲ್ ಮಾರ್ಕೆಟ್. ಹಳೇ ರೈಲು ನಿಲ್ದಾಣದ ಅಡಿಯಲ್ಲಿ ನೂರಾರು ವಾಸನೆಗಳ ಸಂತೆ. ಬೆಣ್ಣೆ ಸವರಿದ ಬಿಸಿ ಪ್ರೆಟ್ಜೆಲ್ ಕೈಗೆ ಬಂದಾಗ ಬಸ್ಸಿನ ಸಿಟ್ಟೆಲ್ಲ ಇಳಿಯಿತು. ಹೋಗುವುದಾದರೆ ಹತ್ತು ಗಂಟೆಯ ಒಳಗೆ ಹೋಗಿ. ಆಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಇಂಡಿಪೆಂಡೆನ್ಸ್ ಹಾಲ್ ಒಳಗೆ ಹೋಗಲು ಮುಂಚೆಯೇ ಸಮಯದ ಟಿಕೆಟ್ ಕಾದಿರಿಸಬೇಕು, ಒಂದು ಡಾಲರ್. ನಮಗೆ ಬೇಕಾದದ್ದು ಹೊರಗೇ ಇತ್ತು. ಆರನೇ ಬೀದಿ ಮತ್ತು ಚೆಸ್ಟ್‌ನಟ್ ಸೇರುವ ಕಡೆ ನೀಲಿ ಬಣ್ಣದ ಫಲಕ, 2005ರಲ್ಲಿ ನೆಟ್ಟದ್ದು. 1965ರಿಂದ 1969ರವರೆಗೆ ಪ್ರತಿ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನ, ಇಲ್ಲಿ ಸಲಿಂಗಿಗಳ ಒಂದು ಸಣ್ಣ ಗುಂಪು ಸಾಲಾಗಿ ನಡೆಯುತ್ತಿತ್ತು. ಸ್ವಾತಂತ್ರ್ಯ ನಮಗಿನ್ನೂ ಬಂದಿಲ್ಲ ಎಂದು ವರ್ಷವರ್ಷ ನೆನಪಿಸುವುದು, ಆ್ಯನ್ಯುಯಲ್ ರಿಮೈಂಡರ್. ಮೊದಲ ವರ್ಷ ಸುಮಾರು 40 ಜನ.

ಇದರ ಹಿಂದಿದ್ದವರಲ್ಲಿ ಮುಖ್ಯರು ಫ್ರ್ಯಾಂಕ್ ಕ್ಯಾಮೆನಿ ಮತ್ತು ಬಾರ್ಬರಾ ಗಿಟ್ಟಿಂಗ್ಸ್. ಕ್ಯಾಮೆನಿಯ ನಿಯಮ ಕಡಕ್ಕಾಗಿತ್ತು. ಗಂಡಸರಿಗೆ ಕೋಟು, ಟೈ. ಹೆಂಗಸರಿಗೆ ಗೌನು. ಕೆಲಸ ಕೊಡಿ ಎಂದು ಕೇಳುವವರು ಕೆಲಸಕ್ಕೆ ಯೋಗ್ಯರಂತೆ ಕಾಣಬೇಕು ಎಂಬ ವಾದ. ಜುಲೈ ಬಿಸಿಲಲ್ಲಿ ಕೋಟು ಹಾಕಿಕೊಂಡು, ಮಾತಾಡದೆ, ಬೋರ್ಡ್ ಹಿಡಿದು ಸುತ್ತುವುದು.

1969ರ ಜುಲೈ 4. ಸ್ಟೋನ್‌ವಾಲ್ ನಡೆದು ಒಂದು ವಾರವೂ ಆಗಿರಲಿಲ್ಲ. ಜೂಲಿಯಸ್ಸಿನಲ್ಲಿ ಕೂತಿದ್ದರಲ್ಲ, ಅದೇ ಕ್ರೇಗ್ ರಾಡ್‌ವೆಲ್, ನ್ಯೂಯಾರ್ಕಿನಿಂದ ಬಸ್ಸಿನಲ್ಲಿ ಯುವಕರನ್ನು ಕರೆದುಕೊಂಡು ಬಂದರು. ಮೆರವಣಿಗೆಯ ಮಧ್ಯೆ ಇಬ್ಬರು ಹುಡುಗಿಯರು ಕೈ ಕೈ ಹಿಡಿದರು. ಕ್ಯಾಮೆನಿ ಹೋಗಿ ಆ ಕೈಗಳನ್ನು ಬಿಡಿಸಿದರು. ರಾಡ್‌ವೆಲ್ ಕೆಂಡವಾದರು. ಇನ್ನು ಈ ಶಿಸ್ತಿನ ಮೆರವಣಿಗೆ ಸಾಕು ಎಂದು ಅವರಿಗೆ ಅನಿಸಿತು. ಆ ನವೆಂಬರಿನಲ್ಲಿ ಇದೇ ಊರಿನಲ್ಲಿ ನಡೆದ ಸಮಾವೇಶದಲ್ಲಿ ಅವರ ಕಡೆಯವರು ನಿರ್ಣಯ ಮಂಡಿಸಿದರು: ರಿಮೈಂಡರನ್ನು ನ್ಯೂಯಾರ್ಕಿಗೆ ತರೋಣ, ಜೂನ್ ಕೊನೆಯಲ್ಲಿ ಮಾಡೋಣ, ಬಟ್ಟೆಗೆ ನಿಯಮ ಬೇಡ. 1970ರ ಜೂನ್ 28ರಂದು ಗ್ರೀನಿಚ್ ವಿಲೇಜಿನಿಂದ ಸೆಂಟ್ರಲ್ ಪಾರ್ಕಿನವರೆಗೆ ಸಾವಿರಾರು ಜನ ನಡೆದರು. ಇವತ್ತು ಜಗತ್ತಿನ ಊರೂರಲ್ಲಿ ನಡೆಯುವ ಪ್ರೈಡ್ ಅಲ್ಲಿಂದ ಬಂದದ್ದು. 2008ರ ಜೂನ್ 29ರಂದು ಬೆಂಗಳೂರು, ದೆಹಲಿ, ಕೋಲ್ಕತ್ತಾಗಳಲ್ಲಿ ಒಂದೇ ದಿನ ನಡೆದದ್ದೂ ಅದೇ ತಾರೀಖಿನ ಬೆನ್ನಿಗೆ.

"ಪಾಪ ಕ್ಯಾಮೆನಿ, ವಿಲನ್ ಆಗಿಬಿಟ್ಟ" ಅಂದಳು ಗೆಳತಿ. ನಾನು ರಾಡ್‌ವೆಲ್ ಕಡೆ. ಕೋಟು ಹಾಕಿದವರಿಗೆ ಮಾತ್ರ ಹಕ್ಕು ಅಂದರೆ ಉಳಿದವರು ಎಲ್ಲಿಗೆ ಹೋಗಬೇಕು ಎಂದು ಜೋರಾಗಿಯೇ ಕೇಳಿದೆ. ಅವಳು ತಣ್ಣಗೆ, "ವೀಸಾ ಇಂಟರ್‌ವ್ಯೂಗೆ ನೀನೂ ಇಸ್ತ್ರಿ ಅಂಗಿ ಹಾಕ್ಕೊಂಡೇ ಹೋಗಿದ್ದಲ್ವಾ?" ಅಂದಳು. ಉತ್ತರ ಹೊಳೆಯಲಿಲ್ಲ. ಬೆಂಗಳೂರಿನಲ್ಲೂ ಪ್ರತಿ ವರ್ಷ ಇದೇ ಚರ್ಚೆ. ಸೀರೆ ಉಟ್ಟು ಕುಣಿಯುವವರು ಮುಂದೆ ಇರಬೇಕಾ, ಬೇಡವಾ? ಟಿವಿಯವರು ಅದನ್ನೇ ತೋರಿಸುತ್ತಾರೆ ಎಂಬ ಗೊಣಗು ಕೇಳಿದಾಗೆಲ್ಲ ಇನ್ನು ಮುಂದೆ ನನಗೆ ಚೆಸ್ಟ್‌ನಟ್ ಬೀದಿ ನೆನಪಾಗುತ್ತದೆ.

ಕೋಟಿನ ವಾದಕ್ಕೆ ಉತ್ತರ ಇದೇ ಊರಿನ 17ನೇ ಬೀದಿಯಲ್ಲಿ ಸ್ಟೋನ್‌ವಾಲಿಗೂ ಮುಂಚೆಯೇ ಸಿಕ್ಕಿತ್ತು. 1965ರ ಏಪ್ರಿಲ್‌ನಲ್ಲಿ ಡ್ಯೂಯೀಸ್ ಎಂಬ ಹೋಟೆಲು, ವೇಷ ಸರಿಯಿಲ್ಲ ಎಂದು ಸುಮಾರು 150 ಜನರಿಗೆ ತಿಂಡಿ ಕೊಡಲು ಒಪ್ಪಲಿಲ್ಲ. ಕೆಲವು ಹದಿಹರೆಯದವರು ಕೂತಲ್ಲಿಂದ ಏಳಲಿಲ್ಲ. ಮುಂದಿನ ದಿನಗಳಲ್ಲಿ ಕರಪತ್ರ ಹಂಚಿದರು, ಮತ್ತೆ ಕೂತರು. ಹೋಟೆಲಿನವರು ಸೋತರು. ಈಗ ಅಲ್ಲಿ ಫಲಕ ಮಾತ್ರ ಇದೆ. ಅದರ ಕೆಳಗೆ ಹುಡುಗನೊಬ್ಬ ಸೈಕಲ್ ಒರಗಿಸಿ ಫೋನಿನಲ್ಲಿ ಮುಳುಗಿದ್ದ.

ಆ ಹೊತ್ತಿಗೆ ನನ್ನ ಎಡಗಾಲಿನ ಶೂ ಪೂರ್ತಿ ಬಾಯಿ ಬಿಟ್ಟಿತು. ಹೋಟೆಲಿನಿಂದ ತಂದಿದ್ದ ಪ್ಲಾಸ್ಟರ್ ಸುತ್ತಿ ಕುಂಟುತ್ತಾ 12ನೇ ಬೀದಿ ಮತ್ತು ಪೈನ್ ಮೂಲೆಗೆ ಹೋದೆವು. ಅಲ್ಲಿ ಜೊವಾನೀಸ್ ರೂಮ್ ಎಂಬ ಪುಸ್ತಕದಂಗಡಿ, 1973ರಲ್ಲಿ ಶುರುವಾದದ್ದು. 2014ರಲ್ಲಿ ಮುಚ್ಚುವ ಸ್ಥಿತಿಗೆ ಬಂದಾಗ ಏಡ್ಸ್ ನೆರವಿಗಾಗಿ ಹಳೇ ಸಾಮಾನು ಮಾರುವ ಸಂಸ್ಥೆಯೊಂದು ಕೈಗೆತ್ತಿಕೊಂಡಿತು. ಹಾಗಾಗಿ ಪುಸ್ತಕದ ಜೊತೆ ಹಳೇ ಬಟ್ಟೆ, ಚಪ್ಪಲಿ ಕೂಡ ಸಿಗುತ್ತದೆ. ಯಾರೋ ಬಿಟ್ಟ ಕಂದು ಬೂಟು ಆರು ಡಾಲರಿಗೆ ಸಿಕ್ಕಿತು. ಅರ್ಧ ಸೈಜ್ ದೊಡ್ಡದು. ಕೌಂಟರಿನಲ್ಲಿದ್ದ ಸ್ವಯಂಸೇವಕ ನನ್ನ ಹಳೇ ಶೂವನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದ. ಬೆಂಗಳೂರು ಅಂದಾಗ ಅವನ ಕಣ್ಣು ಅರಳಿತು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ 2018ರ ಸೆಪ್ಟೆಂಬರ್ 6ರಂದು ಇಲ್ಲೂ ಸಿಹಿ ಹಂಚಿದರಂತೆ.

ಹಿಂತಿರುಗುವಾಗ 13ನೇ ಬೀದಿ ಮತ್ತು ಲೋಕಸ್ಟ್ ಮೂಲೆಯಲ್ಲಿ ನಿಂತೆ. ಬೀದಿಗೆ ಬಾರ್ಬರಾ ಗಿಟ್ಟಿಂಗ್ಸ್ ಹೆಸರಿದೆ. ಪಕ್ಕದಲ್ಲೇ ಮನೋವೈದ್ಯ ಜಾನ್ ಫ್ರಯರ್ ಫಲಕ. ಸಲಿಂಗ ಪ್ರೀತಿ ಆಗ ಅಮೆರಿಕದ ಮನೋವೈದ್ಯರ ರೋಗಗಳ ಪಟ್ಟಿಯಲ್ಲಿತ್ತು. ಗಿಟ್ಟಿಂಗ್ಸ್ ಒಬ್ಬ ಸಲಿಂಗಿ ಮನೋವೈದ್ಯರನ್ನೇ ವೇದಿಕೆಗೆ ತರಬೇಕೆಂದು ಹುಡುಕಿದರು. ಎಲ್ಲರಿಗೂ ಕೆಲಸ ಹೋಗುವ ಭಯ. ಫ್ರಯರ್ ಒಪ್ಪಿದರು. 1972ರಲ್ಲಿ ಡಲ್ಲಾಸ್ ಸಮಾವೇಶದಲ್ಲಿ ರಬ್ಬರ್ ಮುಖವಾಡ, ವಿಗ್, ದೊಗಳೆ ಕೋಟು ಹಾಕಿ, ಧ್ವನಿ ಬದಲಿಸುವ ಮೈಕಿನಲ್ಲಿ ಮಾತಾಡಿದರು. ಹೆಸರು ಡಾಕ್ಟರ್ ಎಚ್. ಅನಾನಿಮಸ್. ಮರುವರ್ಷ ಡಿಸೆಂಬರಿನಲ್ಲಿ ಅದನ್ನು ರೋಗದ ಪಟ್ಟಿಯಿಂದ ತೆಗೆದರು. ನಮ್ಮಲ್ಲಿ ಭಾರತೀಯ ಮನೋವೈದ್ಯರ ಸಂಘ ಇದು ರೋಗವಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದು 2018ರಲ್ಲಿ. ಸರಿಪಡಿಸುತ್ತೇವೆ ಎನ್ನುವ ಚಿಕಿತ್ಸೆ ವೈದ್ಯರ ದುರ್ನಡತೆ ಎಂದು ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ, ಅದೂ ಮದ್ರಾಸ್ ಹೈಕೋರ್ಟ್ ಹಿಂದೆ ಬಿದ್ದ ಮೇಲೆ.

2008ರಲ್ಲಿ ಬೆಂಗಳೂರಿನ ಟೌನ್ ಹಾಲ್ ಮುಂದೆ ನಾನೂ ಮುಖವಾಡ ಹಾಕಿದ್ದೆ. ಗರಿ ಅಂಟಿಸಿದ ರಟ್ಟಿನ ಮುಖವಾಡ. ಬಹಳ ಜನ ಹಾಕಿದ್ದರು. ಮುಖ ಮುಚ್ಚಿಕೊಂಡು ಹಕ್ಕು ಕೇಳೋದು ಎಂಥಾ ಹೋರಾಟ ಎಂದು ಅಂದು ಒಬ್ಬರು ಬರೆದಿದ್ದರು. ಅವರನ್ನು ಈ ಮೂಲೆಗೆ ಒಂದು ಸಲ ಕರೆತರಬೇಕು.

ಭಾನುವಾರ, ವಾಷಿಂಗ್ಟನ್

ಈ ಸಲ ರೈಲು. ಎರಡು ಗಂಟೆಯಲ್ಲಿ ಯೂನಿಯನ್ ಸ್ಟೇಷನ್. ಹೊರಗೆ ಕಿವಿ ಕಿತ್ತು ಹೋಗುವ ಸದ್ದು. ಮೆಮೋರಿಯಲ್ ಡೇ ಮುಂಚಿನ ಭಾನುವಾರ ನಿವೃತ್ತ ಸೈನಿಕರ ಮೋಟಾರ್‌ಸೈಕಲ್ ಮೆರವಣಿಗೆ ನಡೆಯುತ್ತದೆ. ರಸ್ತೆ ದಾಟಲು ಇಪ್ಪತ್ತು ನಿಮಿಷ ಬೇಕಾಯಿತು. ಅದೇ ನಗರದಲ್ಲಿ ಅದೇ ಹೊತ್ತಿಗೆ ವರ್ಲ್ಡ್‌ಪ್ರೈಡ್ ಕೂಡ ನಡೆಯುತ್ತಿತ್ತು. ಚರ್ಮದ ಜಾಕೆಟ್ ಹಾಕಿದ ಬೈಕಿನವರು, ಕಾಮನಬಿಲ್ಲಿನ ಬಾವುಟ ಹಿಡಿದವರು ಒಂದೇ ನಿಂಬೆ ಪಾನಕದ ಗಾಡಿ ಮುಂದೆ ಕ್ಯೂ ನಿಂತಿದ್ದರು.

ಫ್ರೀಡಂ ಪ್ಲಾಜಾದಲ್ಲಿ ರೇನ್‌ಬೋ ಹಿಸ್ಟರಿ ಪ್ರಾಜೆಕ್ಟ್‌ನವರು ಬಯಲಲ್ಲೇ ದೊಡ್ಡ ಪ್ರದರ್ಶನ ಇಟ್ಟಿದ್ದರು. ಟಿಕೆಟ್ ಇಲ್ಲ, ಬಾಗಿಲಿಲ್ಲ. ಶ್ವೇತಭವನಕ್ಕೆ ಕೂಗಳತೆ. ಸರ್ಕಾರಿ ವೆಬ್‌ಸೈಟಿನಲ್ಲಿ ಪದಗಳು ಅಳಿಸಿಹೋಗುತ್ತಿರುವಾಗ ಇವರು ಇತಿಹಾಸವನ್ನು ತಂದು ಬೀದಿ ಮಧ್ಯೆ ನಿಲ್ಲಿಸಿದ್ದು ನೋಡಿ ಖುಷಿಯಾಯಿತು. ಸುಮ್ನೆ ದಾರಿಹೋಕರು, ಮಕ್ಕಳ ಗಾಡಿ ತಳ್ಳುವವರು ಕೂಡ ನಿಂತು ಓದುತ್ತಿದ್ದರು.

ಅಲ್ಲಿಂದ ಶ್ವೇತಭವನದ ಎದುರಿನ ಲಾಫಯೆಟ್ ಚೌಕಕ್ಕೆ ನಡೆದೆವು. ಕ್ಯಾಮೆನಿಯ ಕಥೆ ಪೂರ್ತಿ ಆಗುವುದು ಇಲ್ಲಿ. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಮಾಡಿದ ಖಗೋಳ ವಿಜ್ಞಾನಿ. ಸೇನೆಯ ನಕ್ಷೆ ವಿಭಾಗದಲ್ಲಿ ಕೆಲಸ. 1953ರಲ್ಲಿ ಐಸೆನ್‌ಹೋವರ್ ಹೊರಡಿಸಿದ 10450ನೇ ಆದೇಶದ ಮೇಲೆ ಸರ್ಕಾರಿ ಕಚೇರಿಗಳಿಂದ ಸಲಿಂಗಿಗಳನ್ನು ಹೆಕ್ಕಿ ತೆಗೆಯುತ್ತಿದ್ದ ಕಾಲ. ಸಾವಿರಾರು ಜನ ಕೆಲಸ ಕಳೆದುಕೊಂಡರು, ಬಹುತೇಕರು ಬಾಯಿ ಬಿಡಲಿಲ್ಲ. 1957ರಲ್ಲಿ ಕ್ಯಾಮೆನಿ ಸರದಿ. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1961ರಲ್ಲಿ ಅರ್ಜಿ ತೆಗೆದುಕೊಳ್ಳಲೂ ಇಲ್ಲ. 1965ರ ಏಪ್ರಿಲ್ 17ರಂದು ಹತ್ತು ಜನ, ಕೋಟು ಗೌನು ಹಾಕಿಕೊಂಡು, ಶ್ವೇತಭವನದ ಈ ಬೇಲಿಯ ಮುಂದೆ ಬೋರ್ಡ್ ಹಿಡಿದು ಸುತ್ತಿದರು. ಆ ಬೋರ್ಡುಗಳನ್ನು ಕ್ಯಾಮೆನಿ ಅಟ್ಟದಲ್ಲಿ ಇಟ್ಟಿದ್ದರು. ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ. ಕೆಲಸದಿಂದ ತೆಗೆದದ್ದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2009ರಲ್ಲಿ. ಆಗ ಅವರಿಗೆ 84 ವರ್ಷ.

ಬೇಲಿ ಮುಂದೆ ನಿಂತಾಗ ಅವರ ಕೋಟಿನ ಹಠ ಸ್ವಲ್ಪ ಅರ್ಥವಾಯಿತು. ಹತ್ತೇ ಜನ. ಯಾರ ಕ್ಯಾಮೆರಾ ಯಾವ ಕಚೇರಿಗೆ ಹೋಗುತ್ತದೋ ಗೊತ್ತಿಲ್ಲ. ಇದನ್ನು ಗೆಳತಿಗೆ ಹೇಳಲಿಲ್ಲ. ಸುಮ್ನೆ ಯಾಕೆ ಗೆಲುವು ಕೊಡೋದು.

ರಾತ್ರಿ ಯು ಸ್ಟ್ರೀಟ್ ಹತ್ತಿರ ಇಥಿಯೋಪಿಯಾದವರ ಹೋಟೆಲು. ದೋಸೆಯಂಥ ಇಂಜೆರಾ ಮೇಲೆ ತೊಗರಿ, ಸೊಪ್ಪು, ಬೀಟ್‌ರೂಟ್ ಹೀಗೆ ಏನೇನೋ ಗುಡ್ಡೆ. ಬುಧವಾರ, ಶುಕ್ರವಾರ ಅವರಲ್ಲಿ ಉಪವಾಸದ ಅಡುಗೆ, ಹಾಗಾಗಿ ಸಸ್ಯಾಹಾರಕ್ಕೆ ಬರವಿಲ್ಲ. ನಾನು ಕೈಯಲ್ಲಿ ಹರಿದು ತಿನ್ನುವುದನ್ನು ನೋಡಿ ಬಡಿಸುವಾಕೆ ಇನ್ನೊಂದು ಇಂಜೆರಾ ಪುಕ್ಕಟೆ ತಂದಿಟ್ಟಳು.

ಸೋಮವಾರ, ಮತ್ತೆ ವಾಷಿಂಗ್ಟನ್

ಬಿಸಿಲು ಕೊನೆಗೂ ಬಂತು. ಪೊಟೊಮ್ಯಾಕ್ ಅವೆನ್ಯೂ ಮೆಟ್ರೊದಲ್ಲಿ ಇಳಿದು ಸ್ವಲ್ಪ ನಡೆದರೆ ಕಾಂಗ್ರೆಷನಲ್ ಸ್ಮಶಾನ. ಗೇಟಿನ ಒಳಗೆ ನಾಯಿಗಳೋ ನಾಯಿಗಳು! ಚಂದಾ ಕಟ್ಟಿದ ಸದಸ್ಯರು ತಮ್ಮ ನಾಯಿಗಳನ್ನು ಇಲ್ಲಿ ಬಿಟ್ಟು ಓಡಿಸಬಹುದು. ಆ ದುಡ್ಡು ಸ್ಮಶಾನದ ಖರ್ಚಿಗೆ. ಗೋರಿಗಳ ಮಧ್ಯೆ ಒಂದು ಲ್ಯಾಬ್ರಡಾರ್ ನನ್ನ ಆರು ಡಾಲರಿನ ಬೂಟನ್ನು ಮೂಸಿ ಮೂಸಿ ಬಿಡಲಿಲ್ಲ. ಅದರ ಒಡತಿಯೇ ನಮಗೆ ದಾರಿ ತೋರಿಸಿದಳು.

ಕಪ್ಪು ಗ್ರಾನೈಟ್ ಕಲ್ಲು. ಮೇಲೆ ಎರಡು ಗುಲಾಬಿ ತ್ರಿಕೋನ. ನಾಜಿ ಶಿಬಿರಗಳಲ್ಲಿ ಸಲಿಂಗಿಗಳಿಗೆ ಹೊಲಿದ ಗುರುತನ್ನೇ ಇವರು ತಮ್ಮ ಗುರುತು ಮಾಡಿಕೊಂಡರು. ವಿಯೆಟ್ನಾಂ ಯುದ್ಧದ ಸಲಿಂಗಿ ಸೈನಿಕ ಎಂದು ಕೆತ್ತಿದೆ. ಕೆಳಗೆ, ಸೇನೆಯಲ್ಲಿದ್ದಾಗ ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಪದಕ ಕೊಟ್ಟರು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಗೆ ಹಾಕಿದರು ಎಂಬ ಸಾಲು. ಇದು ಲೆನರ್ಡ್ ಮ್ಯಾಟ್ಲೊವಿಚ್ ಗೋರಿ. ವಾಯುಸೇನೆಯ ಸಾರ್ಜೆಂಟ್. 1975ರಲ್ಲಿ ತಾನು ಸಲಿಂಗಿ ಎಂದು ಮೇಲಧಿಕಾರಿಗೆ ಪತ್ರ ಕೊಟ್ಟವರು. ಕೋರ್ಟಿಗೆ ಒಯ್ಯಲು ಕಳಂಕವಿಲ್ಲದ ಸೇವೆಯ ಒಬ್ಬ ಸೈನಿಕನಿಗಾಗಿ ಹುಡುಕುತ್ತಿದ್ದವರು ಯಾರು ಗೊತ್ತಾ? ಅದೇ ಕ್ಯಾಮೆನಿ. ಅವರ ಕಲ್ಲೂ ಹತ್ತಿರದಲ್ಲೇ ಇದೆ, ಗೇ ಈಸ್ ಗುಡ್ ಎಂಬ ಅವರ 1968ರ ಘೋಷಣೆಯ ಜೊತೆ. ಮ್ಯಾಟ್ಲೊವಿಚ್ 1988ರಲ್ಲಿ ತೀರಿಕೊಂಡರು. ಆಮೇಲೆ ಅವರ ಸುತ್ತ ಜಾಗ ಕೊಂಡವರಿಂದ ಇಲ್ಲೊಂದು ಸಲಿಂಗಿಗಳ ಮೂಲೆಯೇ ಆಗಿದೆ. ಅದೇ ಸಾಲಿನಲ್ಲಿ ಸ್ವಲ್ಪ ಆಚೆ ಎಫ್‌ಬಿಐನ ಮುಖ್ಯಸ್ಥರಾಗಿದ್ದ ಎಡ್ಗರ್ ಹೂವರ್ ಗೋರಿ. ಇವರನ್ನೆಲ್ಲ ಬೇಹುಗಾರಿಕೆ ಮಾಡಿಸಿದ ಮನುಷ್ಯ. ಮ್ಯಾಟ್ಲೊವಿಚ್ ತಮ್ಮ ಜಾಗವನ್ನು ತಾವೇ ಆರಿಸಿಕೊಂಡಿದ್ದು ಎಂಬುದು ನೆನಪಾಗಿ ನಗು ಬಂತು.

ರಜೆಯ ದಿನವಾದ್ದರಿಂದ ಗೋರಿಗಳ ಮುಂದೆ ಪುಟ್ಟ ಬಾವುಟಗಳಿದ್ದವು. ನಿವೃತ್ತ ನೌಕಾಪಡೆಯವನೊಬ್ಬ ಹೂ ಇಟ್ಟು ನಿಂತಿದ್ದ. ಸಲಿಂಗಿಗಳು ಬಾಯಿ ಮುಚ್ಚಿಕೊಂಡು ಸೇನೆಯಲ್ಲಿರಬೇಕೆಂಬ ನಿಯಮ 2011ರಲ್ಲಿ ಹೋಯಿತು. ಅದು ಹೋದ ದಿನವೂ ಇಲ್ಲಿಗೆ ಬಂದಿದ್ದನಂತೆ. "ಈ ಸಲ ಬಂದದ್ದು ಬೇರೆ ಕಾರಣಕ್ಕೆ" ಅಂದ. ಸುಮಾರು ಮೂರು ವಾರ ಹಿಂದೆ, ಮೇ 6ರಂದು, ಟ್ರಾನ್ಸ್‌ಜೆಂಡರ್ ಸೈನಿಕರನ್ನು ಹೊರಹಾಕುವ ಸರ್ಕಾರದ ಆದೇಶ ಜಾರಿಯಾಗಲು ಸುಪ್ರೀಂ ಕೋರ್ಟ್ ಬಿಟ್ಟಿತ್ತು. ಅವನ ಪರಿಚಯದ ಒಬ್ಬಳು ಈಗ ವಕೀಲರ ಹತ್ತಿರ ಓಡಾಡುತ್ತಿದ್ದಾಳೆ. ಮ್ಯಾಟ್ಲೊವಿಚ್ ಕೇಸಿನ ಕಡತ ಓದು ಎಂದು ಅವಳಿಗೆ ಹೇಳಿದ್ದಾನಂತೆ. ಸಮಾಧಾನಕ್ಕಲ್ಲ, ವಾದ ಹೇಗೆ ಕಟ್ಟಿದರು ನೋಡು ಎಂದು.

ಮಧ್ಯಾಹ್ನ ಲಿಂಕನ್ ಸ್ಮಾರಕ. ಜನಜಾತ್ರೆ. ಬೇಗ ದಾಟಿದೆವು. 1963ರ ಆಗಸ್ಟ್ 28ರ ಮಹಾ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಿಂತ ಮೆಟ್ಟಿಲಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಎರಡು ಲಕ್ಷಕ್ಕೂ ಜಾಸ್ತಿ ಜನರ ಬಸ್ಸು, ನೀರು, ಮೈಕು ಎಲ್ಲ ಸಂಘಟಿಸಿದವರು ಬೇಯಾರ್ಡ್ ರಸ್ಟಿನ್, ಸಲಿಂಗಿ. ಅದನ್ನೇ ಹಿಡಿದು ಸೆನೆಟ್‌ನಲ್ಲಿ ಅವರ ಮಾನ ಕಳೆಯಲು ನೋಡಿದ್ದರು.

ಅಲ್ಲಿಂದ ಡ್ಯುಪಾಂಟ್ ಸರ್ಕಲ್ ಕಡೆ ಬಂದು ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ ಭಾರತದ ರಾಯಭಾರ ಕಚೇರಿ ಎದುರಿನ ಗಾಂಧಿ ಪ್ರತಿಮೆ ಹತ್ತಿರ ಕೂತೆವು. ದಾವಣಗೆರೆಯ ವಯಸ್ಸಾದ ದಂಪತಿ, ಮಗಳ ಬಾಣಂತನಕ್ಕೆ ಬಂದವರು, ನಮ್ಮ ಕನ್ನಡ ಕೇಳಿ ಫೋಟೋ ತೆಗೆಯಲು ಫೋನ್ ಕೊಟ್ಟರು. ಏನೇನು ನೋಡಿದಿರಿ ಎಂದು ಯಜಮಾನರು ಕೇಳಿದರು. ನಾನು ರಸ್ಟಿನ್ ವಿಷಯ ಹೇಳಿದೆ. 1948ರಲ್ಲಿ ಗಾಂಧಿಯವರ ದಾರಿ ಕಲಿಯಲು ಭಾರತಕ್ಕೇ ಹೋಗಿದ್ದರು, ಗಾಂಧಿ ಆಗ ಬದುಕಿರಲಿಲ್ಲ, ಅವರ ಜೊತೆಗಾರರಿಂದ ಕಲಿತರು. ಕಿಂಗ್‌ಗೆ ಅಹಿಂಸೆಯ ಪಟ್ಟು ಹೇಳಿಕೊಟ್ಟವರಲ್ಲಿ ಇವರೂ ಒಬ್ಬರು. ಆ ಸಿಟ್-ಇನ್‌ಗಳನ್ನು ನೋಡಿ ಸಲಿಂಗಿಗಳು ಬಾರಿನಲ್ಲಿ ಕೂತರು. ಅಲ್ಲಿಂದ ಮೆರವಣಿಗೆ, ಮೆರವಣಿಗೆ ಬೆಂಗಳೂರಿಗೆ. ಯಜಮಾನರು ಫೋನ್ ತೆಗೆದು ರಸ್ಟಿನ್ ಸ್ಪೆಲ್ಲಿಂಗ್ ಕೇಳಿ ಬರೆದುಕೊಂಡರು. ನಿವೃತ್ತ ಮೇಷ್ಟ್ರಂತೆ.

ಅಮ್ಮನವರ ಪ್ರಶ್ನೆ ಬೇರೆ. "ಮದುವೆ ಆಗಿದ್ರಾ?"

ಆಗ ಆ ಕಾನೂನು ಇರಲಿಲ್ಲ ಎಂದೆ. 1982ರಲ್ಲಿ ರಸ್ಟಿನ್ ತಮ್ಮ ಸಂಗಾತಿ ವಾಲ್ಟರ್ ನೇಗಲ್ ಅವರನ್ನು ದತ್ತು ತೆಗೆದುಕೊಂಡರು. ಕಾಗದದ ಮೇಲೆ ಮಗ.

ಯಜಮಾನರು ಹುಬ್ಬು ಗಂಟಿಕ್ಕಿದರು. ಅಮ್ಮನವರು ತಕ್ಷಣ, "ಆಸ್ಪತ್ರೆ, ಆಸ್ತಿ, ಅದಕ್ಕಲ್ವಾ?" ಅಂದರು. ಹೌದು, ಅದಕ್ಕೇ. ನಮ್ಮಲ್ಲಿ ಈಗ ಹೇಗೆ ಎಂದು ಕೇಳಿದರು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ, ಆದರೆ 2024ರಲ್ಲಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಸರ್ಕಾರ ತಿಳಿಸಿದೆ ಎಂದು ಹೇಳಿದೆ.

"ಮತ್ತೆ ನೀವು ಮಾಡಿಸಿದ್ದೀರಾ?"

ನನಗೆ ಸಂಗಾತಿ ಇದ್ದಾನೆಂದು ನಾನು ಹೇಳಿರಲೇ ಇಲ್ಲ. ಗೆಳತಿ ನಗು ತಡೆಯಲಾರದೆ ಪಕ್ಕಕ್ಕೆ ತಿರುಗಿದಳು. ಇನ್ನೂ ಇಲ್ಲ ಎಂದೆ. ಊರಿಗೆ ಹೋದ ತಕ್ಷಣ ಮಾಡಿಸಿ, ನಾಮಿನಿ ಫಾರಂ ತುಂಬುವುದನ್ನು ಮಾತ್ರ ಮರೆಯಬೇಡಿ, ನಮ್ಮ ಮನೆಯವರು ಮೂವತ್ತು ವರ್ಷ ಮರೆತಿದ್ದರು ಎಂದು ಗಂಡನ ಕಡೆ ಕೈ ತೋರಿಸಿದರು. ಮೇಷ್ಟ್ರು ತಮ್ಮ ಪರ ವಾದ ಶುರು ಮಾಡಿದರು. ನಮ್ಮ ರೈಲಿಗೆ ಇನ್ನು ನಲವತ್ತೇ ನಿಮಿಷ ಇತ್ತು.